'ಬ್ರಾಹ್ಮಣೇತರ' ಎಂಬ ಕಾಲಂ: ಭಾಷಾವಿಜ್ಞಾನದ ಓದಿನ ಪಟ್ಟಿ ಕುರಿತು

ಭಾಷಾವಿಜ್ಞಾನ ಓದುವ ಹುಡುಗರಿಗೆ ಯಾವ ಪುಸ್ತಕ ಹೇಳಬೇಕು ಎಂಬುದು ಮೇಲುನೋಟಕ್ಕೆ ಲೈಬ್ರರಿಯ ಪ್ರಶ್ನೆ. ಆದರೆ ಯಾರ ಮಾತು ಭಾಷೆ, ಯಾರ ಮಾತು ಉಪಭಾಷೆ ಎಂಬ ತೀರ್ಮಾನ ಆ ಪಟ್ಟಿಯಲ್ಲೇ ಸದ್ದಿಲ್ಲದೆ ಆಗಿಹೋಗಿರುತ್ತದೆ.

ಆಕರ ಗ್ರಂಥಗಳ ಬಗ್ಗೆ ನನ್ನ ತಕರಾರು ಕಡಿಮೆ. ಕಿಟೆಲ್ಲರ 1894ರ ನಿಘಂಟು, ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶದ 1984ರ ಆವೃತ್ತಿ, ಭದ್ರಿರಾಜು ಕೃಷ್ಣಮೂರ್ತಿಯವರ 2003ರ 'ದಿ ದ್ರವಿಡಿಯನ್ ಲ್ಯಾಂಗ್ವೇಜಸ್' ಇವಿಲ್ಲದೆ ಕೆಲಸ ಸಾಗದು. ಕನ್ನಡದಲ್ಲಿ ಚಿದಾನಂದಮೂರ್ತಿಯವರ 'ಭಾಷಾವಿಜ್ಞಾನದ ಮೂಲತತ್ವಗಳು', ಕೆಂಪೇಗೌಡರ 'ಸಾಮಾನ್ಯ ಭಾಷಾವಿಜ್ಞಾನ' ಇವೆ. ಧ್ವನಿಮಾ, ಆಕೃತಿಮಾ ತಿಳಿಯುತ್ತೆ, ಪರೀಕ್ಷೆಯೂ ಪಾಸಾಗುತ್ತೆ. ಜಗಳ ಶುರುವಾಗುವುದು ಸಾಮಾಜಿಕ ಉಪಭಾಷೆಯ ಅಧ್ಯಾಯಕ್ಕೆ ಬಂದಾಗ.

ಪೀಟರ್ ಟ್ರಡ್ಗಿಲ್ಲನ 'ಸೋಶಿಯೋಲಿಂಗ್ವಿಸ್ಟಿಕ್ಸ್' (1974) ಪ್ರಪಂಚದಾದ್ಯಂತ ಓದಿದ ಪಠ್ಯ. ಅದರಲ್ಲಿ ನಮ್ಮ ಕನ್ನಡದ್ದೇ ಒಂದು ಕೋಷ್ಟಕವಿದೆ. ಊರು ಎರಡು, ಧಾರವಾಡ ಮತ್ತು ಬೆಂಗಳೂರು. ಜಾತಿಯೂ ಎರಡೇ, ಬ್ರಾಹ್ಮಣ ಮತ್ತು ಬ್ರಾಹ್ಮಣೇತರ. ಬೆಂಗಳೂರಿನ ಬ್ರಾಹ್ಮಣರಿಗೆ 'ಇದೆ', ಉಳಿದವರಿಗೆ 'ಐತಿ'. ಅವರದು 'ಕೂತ್', ಇವರದು 'ಕುಂತ್'. ಇದರಲ್ಲಿ ಸ್ವಾರಸ್ಯವೇನೆಂದರೆ, ಎರಡು ಊರಿನ ಬ್ರಾಹ್ಮಣರ ರೂಪಗಳು ಹಲವು ಕಡೆ ಬೇರೆಬೇರೆ, ಬ್ರಾಹ್ಮಣೇತರರ ರೂಪಗಳು ಒಂದೇ. 400 ಕಿಲೋಮೀಟರಿಗೂ ಮೀರಿದ ದೂರದಲ್ಲಿ ಒಂದಾಗಿ ನಿಂತಿರುವ ಮಾತು ಶಿಷ್ಟವಾಗಲಿಲ್ಲ, 'ಇತರ' ಆಯಿತು! ಏನಲ್ಲವೋ ಅದರ ಹೆಸರಿನಲ್ಲಿ ಒಂದು ಕಾಲಂ. ಒಂದೇ ಬಾವಿಯ ನೀರು ಮುಟ್ಟಗೊಡದವರೂ ಮುಟ್ಟಲಾಗದವರೂ ಆ ಕಾಲಮ್ಮಿನಲ್ಲಿ ಮಾತ್ರ ಅಕ್ಕಪಕ್ಕ ಕುಂತಿದ್ದಾರೆ. ಹೊಲೆಯರ, ಮಾದಿಗರ ಮಾತು ಎಲ್ಲಿ ಎಂದು ವಿದ್ಯಾರ್ಥಿ ಕೇಳಿದರೆ ಮೇಷ್ಟ್ರ ಬಳಿ ಉತ್ತರವಿಲ್ಲ. ಧಾರವಾಡದ ಕನ್ನಡವನ್ನು ಕುರಿತು ಬರೆದ ಮೆಕ್‌ಕಾರ್ಮ್ಯಾಕ್ 1960ರಲ್ಲೇ ಹರಿಜನರ ಮಾತನ್ನು ಪ್ರತ್ಯೇಕವಾಗಿ ಗುರುತಿಸಿದ್ದ. ಪಠ್ಯಕ್ಕೆ ಬರುವ ಹೊತ್ತಿಗೆ ಅದು ಕಾಣೆಯಾಗಿದೆ.

ಅದೇ 1960ರಲ್ಲಿ ವಿಲಿಯಂ ಬ್ರೈಟ್ ಜಾತಿ ಉಪಭಾಷೆಗಳ ಬದಲಾವಣೆ ಕುರಿತು ಬರೆದ ಲೇಖನವನ್ನು ಪಟ್ಟಿಯಲ್ಲಿ ಇಡಲೇಬೇಕು, ಜಗಳಕ್ಕಾದರೂ. ಅವನ ವಾದ ಸ್ಥೂಲವಾಗಿ ಹೀಗೆ: ಬ್ರಾಹ್ಮಣರ ಮಾತು ಹೊರಗಿನ ಪದ, ಹೊರಗಿನ ಧ್ವನಿ ತಂದುಕೊಂಡು ಪ್ರಜ್ಞಾಪೂರ್ವಕವಾಗಿ ಬದಲಾಗುತ್ತದೆ. ಉಳಿದವರ ಮಾತು ಅರಿವಿಗೆ ಬಾರದಂತೆ ಒಳಗೊಳಗೇ ಬದಲಾಗುತ್ತದೆ. ಅಂದರೆ ಪ್ರಜ್ಞೆ ಒಬ್ಬರ ಪಾಲಿಗೆ, ಅಪ್ರಜ್ಞೆ ಇನ್ನೊಬ್ಬರ ಪಾಲಿಗೆ. ಈ ಹಂಚಿಕೆ ನಮಗೆ ಹೊಸದಲ್ಲ. 'ಆಲು' ಅಂದ ಹುಡುಗನನ್ನು ನೋಡಿ ಕ್ಲಾಸೇ ನಗುತ್ತದಲ್ಲ, ಆ ನಗುವಿಗೂ ಈ ಸಿದ್ಧಾಂತಕ್ಕೂ ನೆಂಟಸ್ತಿಕೆ ಇದೆ. ಹಳಗನ್ನಡದ ಪಾಲ್ ಹಾಲಾದರೆ ಅದು ಭಾಷಾ ಚರಿತ್ರೆ, ಹತ್ತು ಅಂಕದ ಪ್ರಶ್ನೆ. ಹಾಲು ಆಲಾದರೆ ಉಚ್ಚಾರದ ದೋಷ! ಪಕಾರ ಸವೆದು ಹಕಾರವಾದ ದಾರಿಯಲ್ಲೇ ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಅಷ್ಟೆ.

ಬ್ರೈಟ್ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 1964ರಲ್ಲಿ ಎ.ಕೆ. ರಾಮಾನುಜನ್ ಜೊತೆ ಬರೆದ ಲೇಖನದಲ್ಲಿ ತಮಿಳನ್ನೂ ತುಳುವನ್ನೂ ಎದುರುಬದುರು ಇಟ್ಟು ನೋಡಿದ. ಬರವಣಿಗೆ ವ್ಯಾಪಕವಾಗಿರದ ತುಳುವಿನಲ್ಲಿ ಬ್ರಾಹ್ಮಣರ ಮಾತೂ ಇತರರ ಮಾತಿನಂತೆಯೇ ಬದಲಾಗಿದೆ. ಹಾಗಾಗಿ ಬದಲಾವಣೆಗೆ ಬ್ರೇಕು ಹಾಕುವುದು ಅಕ್ಷರ ಇರಬಹುದು ಎಂದು ಇಬ್ಬರೂ ಊಹಿಸಿದರು. ಇದು ಒಳ್ಳೆಯ ತಿದ್ದುಪಡಿ, ಮೊದಲ ಲೇಖನದ ಜೊತೆಗೇ ಓದಿಸಬೇಕು. ಆದರೆ ಅಕ್ಷರವೇನು ಮಳೆಯೇ, ಒಂದು ಕೇರಿಗೆ ಬಿತ್ತು ಇನ್ನೊಂದು ಕೇರಿಗೆ ಬೀಳಲಿಲ್ಲ ಅನ್ನೋದಕ್ಕೆ? ಯಾರು ತಡೆದರು ಎಂಬ ಪ್ರಶ್ನೆ ಭಾಷಾವಿಜ್ಞಾನದ ಹೊರಗಿನದು ಎಂದು ವಿದ್ವಾಂಸರು ಹೇಳಬಹುದು. ನಮಗೆ ಅದು ಒಳಗಿನದೇ.

ಇವೆಲ್ಲಕ್ಕಿಂತ ಮೊದಲು ಓದಿಸಬೇಕಾದ್ದು ಜಾನ್ ಗುಂಪರ್ಜ್ 1958ರಲ್ಲಿ ಉತ್ತರಪ್ರದೇಶದ ಖಾಲಾಪುರ ಎಂಬ ಹಳ್ಳಿಯ ಬಗ್ಗೆ ಬರೆದ ಲೇಖನ. ಅಲ್ಲಿ ಸ್ಪೃಶ್ಯ ಜಾತಿಗಳಲ್ಲಿ ಹೆಚ್ಚಿನವರ ಮಾತು ಒಂದೇ ಬಗೆಯದು. ಚಮ್ಮಾರರ, ಝಾಡಮಾಲಿಗಳ ಮಾತು ಬೇರೆ. ದಿನಾ ರಜಪೂತರ ಹೊಲದಲ್ಲಿ ದುಡಿಯುವವರು, ದಿನಾ ಮಾತಾಡುವವರು. ಆದರೂ ಮಾತು ಬೆರೆಯಲಿಲ್ಲ. ಯಾಕೆಂದರೆ ದುಡಿಮೆಯ ಸಂಪರ್ಕ ಮಾತನ್ನು ಬೆರೆಸುವುದಿಲ್ಲ, ಸ್ನೇಹ ಬೆರೆಸುತ್ತದೆ, ಮಕ್ಕಳ ಆಟ ಬೆರೆಸುತ್ತದೆ ಎನ್ನುತ್ತಾನೆ ಗುಂಪರ್ಜ್. ಕೆಲಸಕ್ಕೆ ಕೂಗುತ್ತಾರೆ, ಆಟಕ್ಕೆ ಕೂಗಲ್ಲ. ಅಸ್ಪೃಶ್ಯತೆ ನಾಲಿಗೆಯ ಮೇಲೆ ಹೇಗೆ ಕೂರುತ್ತದೆ ಎಂಬುದನ್ನು ಘೋಷಣೆಯಿಲ್ಲದೆ ತೋರಿಸಿದ ಬರಹ ಇದು. ಕನ್ನಡದಲ್ಲಿ ಇದನ್ನು ನಮ್ಮ ಹುಡುಗರೇ ಮುಂದುವರಿಸಬೇಕು.

ಮುಂದುವರಿಸಲು ಸಾಮಗ್ರಿಯೂ ಇದೆ. ಯು.ಪಿ. ಉಪಾಧ್ಯಾಯರು 1960ರ ದಶಕದಲ್ಲಿ ನಂಜನಗೂಡಿನ ಕನ್ನಡವನ್ನು ವರ್ಣಿಸಿದರು. ಒಕ್ಕಲಿಗರ ಮಾತು ಎಂದು ಶೀರ್ಷಿಕೆಯಲ್ಲೇ ಪ್ರಾಮಾಣಿಕವಾಗಿ ಹೇಳಿದ ಪುಸ್ತಕ ಅದು. ಅದೇ ತಾಲ್ಲೂಕಿನ ದೇವನೂರಿನಿಂದ ಬಂದದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ಅರ್ಥವಾಗುವುದಿಲ್ಲ ಎಂದು ಓದಿದವರೇ ಗೊಣಗಿದ ಕಾದಂಬರಿ. ಸಾಹಿತ್ಯದ ಕ್ಲಾಸಿನವರು ಅದರ 'ಕಾವ್ಯಾತ್ಮಕತೆ'ಯನ್ನು ಹೊಗಳಿ ಹೊಗಳಿ ಅದರ ವ್ಯಾಕರಣವನ್ನು ಮರೆತರು. ಕಾದಂಬರಿಯ ಮಾತು ಕೇರಿಯ ಮಾತಿನ ಪಡಿಯಚ್ಚಲ್ಲ, ನಿಜ, ಕೇಳಿ ನೋಡಬೇಕಾಗುತ್ತದೆ. ಈ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ಕ್ರಿಯಾಪದದ ಒಂದೊಂದೇ ರೂಪ ಹೋಲಿಸಿ, ಅನುಮಾನ ಬಂದಾಗ ನಂಜನಗೂಡಿನ ಬಸ್ಸು ಹತ್ತಿ ಕೇರಿಯಲ್ಲಿ ಕುಂತು ಕೇಳಿಸಿಕೊಂಡು ಬರಲಿ. ಒಂದು ಎಂ.ಎ. ಪ್ರಬಂಧಕ್ಕೆ ಅಷ್ಟು ಸಾಕು.