ಹದಿನಾಲ್ಕು ಹೆಸರುಗಳ ಒಂದು ಪ್ಯಾಕೇಜು

ಜಾಲಪುಟಗಳನ್ನು ರಚಿಸುವ ಎಚ್‌ಟಿಎಂಎಲ್ ಭಾಷೆಯಲ್ಲಿ ಹೆಚ್ಚಿನ ಟ್ಯಾಗುಗಳಿಗೆ ಆರಂಭ, ಅಂತ್ಯ ಎರಡೂ ಉಂಟು. ಸಾಲು ಮುರಿಯುವ ‘ಬಿಆರ್’, ಚಿತ್ರ ತೋರಿಸುವ ‘ಐಎಂಜಿ’ ಮೊದಲಾದ ಕೆಲವಕ್ಕೆ ಅಂತ್ಯದ ಟ್ಯಾಗು ಇಲ್ಲ. ಅವುಗಳ ಒಳಗೆ ಏನನ್ನೂ ಇಡುವಂತಿಲ್ಲ. ಇಂತಹ ಶೂನ್ಯ ಘಟಕಗಳ ಹೆಸರನ್ನಷ್ಟೇ ಕೊಡುವ ಪುಟ್ಟ ಪ್ಯಾಕೇಜುಗಳು ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಭಂಡಾರದಲ್ಲಿ ಹಲವಿವೆ. ಅವುಗಳಲ್ಲಿ ‘ವಾಯ್ಡ್-ಎಲಿಮೆಂಟ್ಸ್’ ಒಂದು. ಅದರ 3.1.0 ಆವೃತ್ತಿಯಲ್ಲಿರುವುದು 14 ಹೆಸರುಗಳು, ಅಷ್ಟೆ.

ಇಷ್ಟಕ್ಕೊಂದು ಪ್ಯಾಕೇಜು ಬೇಕೆ? 2016ರ ಮಾರ್ಚಿನಲ್ಲಿ 11 ಸಾಲುಗಳ ‘ಲೆಫ್ಟ್-ಪ್ಯಾಡ್’ ಅನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಅದನ್ನು ನೆಚ್ಚಿದ್ದ ಅನೇಕ ತಂತ್ರಾಂಶಗಳ ಕೆಲಸ ನಿಂತಿತು. ಆ ಆಕ್ಷೇಪ ಹಳೆಯದು. ನನ್ನ ತಕರಾರು ಬೇರೆ.

ಮೊದಲು ಹೆಸರಿನ ಬಗ್ಗೆ ಒಂದು ಮೆಚ್ಚುಗೆ. ಇಂತಹ ಪಟ್ಟಿಗಳನ್ನು ‘ತಾವೇ ಮುಚ್ಚಿಕೊಳ್ಳುವ ಟ್ಯಾಗುಗಳು’ ಎನ್ನುವ ರೂಢಿಯಿದೆ. ಅದು ತಪ್ಪು. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಕಲಿಸಿದ ಓರೆಗೆರೆಗೆ ಎಚ್‌ಟಿಎಂಎಲ್‌ನಲ್ಲಿ ಯಾವ ಅರ್ಥವೂ ಇಲ್ಲ. ವಿದ್ಯಾರ್ಥಿಯೊಬ್ಬ ‘ಡಿವ್’ ಟ್ಯಾಗಿನ ಕೊನೆಗೆ ಓರೆಗೆರೆ ಹಾಕಿ ಮುಚ್ಚಿದೆನೆಂದು ತಿಳಿದರೆ, ಬ್ರೌಸರ್ ಆ ಗೆರೆಯನ್ನು ಕಡೆಗಣಿಸಿ ಮುಂದಿನದನ್ನೆಲ್ಲ ಅದರೊಳಗೇ ತುಂಬುತ್ತದೆ. (ಆದರೆ ಎಸ್‌ವಿಜಿ ಚಿತ್ರಗಳೊಳಗೆ ಆ ಗೆರೆ ನಿಜವಾಗಿಯೂ ಮುಚ್ಚುತ್ತದೆ.) ಇನ್ನು ‘ಬಿಆರ್’ಗೆ ಅಂತ್ಯದ ಟ್ಯಾಗನ್ನೂ ಬರೆದರೆ ಒಂದರ ಬದಲು ಎರಡು ಸಾಲು ಮುರಿಯುತ್ತವೆ!

ಈಗ ಪಟ್ಟಿಯ ಬಗ್ಗೆ. 1999ರ ಎಚ್‌ಟಿಎಂಎಲ್ 4.01ರಲ್ಲಿ ‘ಫ್ರೇಮ್’, ‘ಬೇಸ್‌ಫಾಂಟ್’ ಶೂನ್ಯ ಘಟಕಗಳಾಗಿದ್ದವು. ಇಂದಿನ ಮಾನಕ ಹೇಳುವ 13ರಲ್ಲಿ ಅವಿಲ್ಲ, ‘ಪ್ಯಾರಮ್’ ಕೂಡ ಇಲ್ಲ. ಪ್ಯಾಕೇಜಿನಲ್ಲಿ ‘ಪ್ಯಾರಮ್’ ಉಳಿದಿದೆ. ಇದು ತಪ್ಪೇ? ಹೊಸ ಪುಟ ಬರೆಯುವವನಿಗೆ ತಪ್ಪು. ಹಳೆಯ ಪುಟ ಓದುವ ತಂತ್ರಾಂಶಕ್ಕೆ ಅದು ಬೇಕೇ ಬೇಕು. ಇಲ್ಲದಿದ್ದರೆ ‘ಪ್ಯಾರಮ್’ ಮುಗಿಯಿತೆಂಬುದು ತಿಳಿಯದೆ, ನಂತರದ ಪಠ್ಯವನ್ನೆಲ್ಲ ಅದರ ಹೊಟ್ಟೆಗೆ ಸೇರಿಸುತ್ತದೆ. ಆದರೆ ಓದುವವನ ಪಟ್ಟಿಯೆಂದು ಕೊಂಡರೆ ‘ಫ್ರೇಮ್’ ಏಕಿಲ್ಲ? ಹೀಗೆ ಈ ಪಟ್ಟಿ ಅತ್ತಲೂ ಪೂರ್ಣವಲ್ಲ, ಇತ್ತಲೂ ಪೂರ್ಣವಲ್ಲ.

ಪ್ಲಾಂಕ್ ಸ್ಥಿರಾಂಕದ ಬೆಲೆ ಕೊಡುವಾಗ ಯಾವ ವರ್ಷದ ಕೋಷ್ಟಕ ಎಂದು ಹೇಳುತ್ತೇವೆ. 2019ರ ಮೇ 20ಕ್ಕೆ ಮೊದಲು ಅದು ಅಳೆದ ಬೆಲೆ, ಅಂದಿನಿಂದ ನಿಗದಿಪಡಿಸಿದ ಬೆಲೆ. ಅಂಕಿಗಳನ್ನು ನೋಡಿದರೆ ಈ ಭೇದ ಕಾಣದು. ಟ್ಯಾಗುಗಳ ಪಟ್ಟಿಯೂ ಹಾಗೆಯೇ.

ಮಾನಕವೇ ದಾರಿ ತೋರಿಸಿದೆ. ಪುಟವನ್ನು ಮತ್ತೆ ಪಠ್ಯವಾಗಿಸುವ ಅದರ ವಿಧಾನದಲ್ಲಿ 13 ಹೆಸರುಗಳ ಜೊತೆಗೆ ‘ಬೇಸ್‌ಫಾಂಟ್’, ‘ಬಿಜಿಸೌಂಡ್’, ‘ಫ್ರೇಮ್’, ‘ಕೀಜೆನ್’, ‘ಪ್ಯಾರಮ್’ ಎಂಬ ಐದು ಸೇರುತ್ತವೆ. ಪ್ಯಾಕೇಜು 13ರ ಪಟ್ಟಿಯನ್ನೂ 18ರ ಪಟ್ಟಿಯನ್ನೂ ಬೇರೆ ಬೇರೆ ಹೆಸರಿನಲ್ಲಿ ಕೊಟ್ಟಿದ್ದರೆ ಐದಾರು ಸಾಲು ಹೆಚ್ಚಾಗುತ್ತಿತ್ತು, ಅಷ್ಟೆ.