ಸಾಲ ಬೆಜವಾಡದ್ದು, ಸಂಬಳ ವೈಜಾಗಿನದು

ಮಗ ಬಿಎಸ್ಸಿ ಕೆಮಿಸ್ಟ್ರಿ ಸೇರುತ್ತೇನೆ ಎಂದರೆ ಮುಖ ಸಣ್ಣಗೆ ಮಾಡದ ಅಪ್ಪ ಆಂಧ್ರದಲ್ಲಿ ಅಪರೂಪ, ನಮ್ಮಲ್ಲೂ ಅಷ್ಟೇ. ಲೆಕ್ಕ ಎಲ್ಲರಿಗೂ ಬಾಯಿಪಾಠ. ಓದಿಗೆ ಇಷ್ಟು ಸಾಲ, ಫಾರ್ಮಾ ಕಂಪನಿಯ ಟ್ರೈನಿ ಕೆಮಿಸ್ಟ್‌ಗೆ ಇಷ್ಟು ಸಂಬಳ, ಕಳೆದರೆ ಉಳಿಯುವುದು ಚಿಲ್ಲರೆ. ಈ ಕಳೆಯುವ ಲೆಕ್ಕ ತಪ್ಪು ಎಂದು ನಾನು ವಾದಿಸುವುದಿಲ್ಲ. ಯಾರ ಸಾಲವನ್ನು ಯಾವ ಓದಿನ ಕೊರಳಿಗೆ ಕಟ್ಟಿದ್ದೇವೆ ಎನ್ನುವಲ್ಲಿ ನನ್ನ ತಕರಾರು. ಕೆಮಿಸ್ಟ್ರಿ ಓದಿದವನೇ ಆದ್ದರಿಂದ ಪಕ್ಷಪಾತವಿದೆ ಎಂದುಕೊಂಡರೂ ಬೇಸರವಿಲ್ಲ.

ನಮಗೆ ಮೂಡುಬಿದಿರೆ ಹೇಗೋ ತೆಲುಗರಿಗೆ ವಿಜಯವಾಡ, ಅಂದರೆ ಹಳಬರ ಬೆಜವಾಡ, ಹಾಗೆ. ಬೆಂಜ್ ಸರ್ಕಲ್‌ನಿಂದ ಊರಾಚೆಯ ಗೂಡವಲ್ಲಿಯವರೆಗೆ ಕೋಚಿಂಗ್ ಕಾಲೇಜು, ಹಾಸ್ಟೆಲ್ಲುಗಳ ಸಾಲು. ಎಂಪಿಸಿಯೋ ಬೈಪಿಸಿಯೋ, ಎರಡು ವರ್ಷ ಇಂಟರ್, ಅಂದರೆ ನಮ್ಮ ಪಿಯುಸಿ. ಮೆಡಿಕಲ್, ಎಂಜಿನಿಯರಿಂಗ್ ಸೀಟು ತಪ್ಪಿದರೆ ಇನ್ನೊಂದು ವರ್ಷ ‘ಲಾಂಗ್ ಟರ್ಮ್’. ಬ್ಯಾಂಕಿನ ಶಿಕ್ಷಣ ಸಾಲ ಮಾನ್ಯತೆ ಪಡೆದ ಪದವಿ, ಡಿಪ್ಲೊಮಾಗಳಿಗೆ ಸಿಗುತ್ತದೆಯೇ ಹೊರತು ಈ ಕೋಚಿಂಗಿಗಲ್ಲ. ಹಾಗಾಗಿ ಇಲ್ಲಿ ಕರಗುವುದು ಅಮ್ಮನ ಒಡವೆ, ಎತ್ತಿದ ಚೀಟಿ, ಹೊಲ ತೋರಿಸಿ ತಂದ ಕೈಸಾಲ. ಡಾಕ್ಟರೂ ಆಗದೆ ಎಂಜಿನಿಯರೂ ಆಗದೆ ಹುಡುಗ ಕೊನೆಗೆ ಕೆಮಿಸ್ಟ್ರಿಗೆ ಬಂದನೆನ್ನಿ. ಆ ಸಾಲವೂ ಅವನ ಬೆನ್ನಿಗೇ ಬಂದು ರಸಾಯನಶಾಸ್ತ್ರದ ಖಾತೆಯಲ್ಲಿ ಕೂರುತ್ತದೆ. ಇದು ಬೇರೆಯವರು ಉಂಡ ಊಟದ ಬಿಲ್ಲು.

ಪದವಿಯ ಫೀಸಿನ ಕಥೆಯೇ ಬೇರೆ. ವೈ.ಎಸ್. ರಾಜಶೇಖರ ರೆಡ್ಡಿ ಕಾಲದ ಫೀ ರೀಯಿಂಬರ್ಸ್‌ಮೆಂಟ್, ಸರ್ಕಾರ ಬದಲಾದಂತೆ ಹೆಸರು ಬದಲಿಸಿಕೊಂಡು, ಬಡವರ ಮಕ್ಕಳ ಪದವಿಯನ್ನು ಹೊತ್ತು ತಂದಿದೆ. ಹಣ ತಡವಾಗಿ ಬರುತ್ತದೆ, ಆ ಜಗಳ ಇನ್ನೊಮ್ಮೆ ಆಡೋಣ. ಏಟು ಬಿದ್ದದ್ದು ಮೇಲಿನ ಮೆಟ್ಟಿಲಿಗೆ. 2020ರಲ್ಲಿ ಜಗನ್ ಸರ್ಕಾರ ಖಾಸಗಿ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ನೆರವನ್ನು ನಿಲ್ಲಿಸಿತು. ಬಿಎಸ್ಸಿ ಕೆಮಿಸ್ಟ್ರಿಗೆ ನಿಜವಾದ ಬೆಲೆ ಬರುವುದು ಎಂಎಸ್ಸಿಯಿಂದ, ಅದರಲ್ಲೂ ಆರ್ಗ್ಯಾನಿಕ್‌ನಿಂದ; ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞ ಟಿ.ಆರ್. ಶೇಷಾದ್ರಿ 1930ರ ದಶಕದಲ್ಲಿ ಪಾಠ ಮಾಡಿದ್ದೂ ಅದನ್ನೇ. ಏಣಿಯನ್ನು ಅರ್ಧಕ್ಕೆ ಕಡಿದು, ಹತ್ತಲು ಬಾರದವನೆಂದು ಹುಡುಗನನ್ನು ಜರೆಯುತ್ತಿದ್ದೇವೆ.

ಸರಿ, ಎಂಎಸ್ಸಿಗೆ ಬ್ಯಾಂಕಿನಿಂದ 4 ಲಕ್ಷ ತಂದನೆನ್ನಿ, ಬಡ್ಡಿ ಶೇ 10. ಓದು ಮುಗಿದು ಒಂದು ವರ್ಷ ಬಿಡುವು, ಆಮೇಲೆ ಕಂತು. ಓದಿನ, ಬಿಡುವಿನ ಕಾಲದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 5 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 8,500 ರೂಪಾಯಿ. 15 ವರ್ಷಕ್ಕೆ ಎಳೆದರೆ 4,300ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ 5.1 ಲಕ್ಷದಿಂದ 7.7 ಲಕ್ಷಕ್ಕೆ ಏರುತ್ತದೆ. ಕೆಮಿಸ್ಟನಿಗೆ ಬೆಲೆ ಬರುವುದು ನಿಧಾನ. ಫ್ಲಾಸ್ಕಿನಲ್ಲಿ ಗೆದ್ದ ಕ್ರಿಯೆಯನ್ನು ಇಳುವರಿ ಕೆಡದಂತೆ ರಿಯಾಕ್ಟರಿಗೆ ಏರಿಸುವುದು, ಎಚ್‌ಪಿಎಲ್‌ಸಿ ಯಂತ್ರದ ಗ್ರಾಫಿನ ಮೂಲೆಯ ಪುಟ್ಟ ಗುಬ್ಬಚ್ಚಿಯಂಥ ಪೀಕು ಯಾವ ಕಲ್ಮಶದ್ದೆಂದು ಗುರುತಿಸುವುದು ವರ್ಷಗಳ ಶಿಫ್ಟು ಕಲಿಸುವ ವಿದ್ಯೆ. ಬ್ಯಾಂಕು ಮಾತ್ರ ಅವನ ಗಳಿಕೆ ಅತಿ ಕಡಿಮೆಯಿರುವ ದಿನದಂದೇ ಕಂತು ಕೇಳುತ್ತದೆ. ಇದನ್ನು ಪದವಿಯ ಸೋಲು ಎನ್ನುವುದು ಮಾವಿನ ಸಸಿ ನೆಟ್ಟ ಮರುವರ್ಷ ಹಣ್ಣು ಕೇಳಿದಂತೆ.

ಆಸ್ಟ್ರೇಲಿಯಾದಲ್ಲಿ 1989ರಿಂದ ಓದಿನ ಸಾಲ ವಸೂಲಾಗುವುದು ತೆರಿಗೆಯ ಜೊತೆಯಲ್ಲಿ; ಗಳಿಕೆ ಒಂದು ಮಿತಿ ದಾಟುವವರೆಗೆ ಕಂತೇ ಇಲ್ಲ. ಪದವೀಧರನ ಗಳಿಕೆಯನ್ನೂ ಅವನ ಸಾಲವನ್ನೂ ಎದುರುಬದುರು ಇಟ್ಟು ತೂಗುವುದಕ್ಕೆ ಅಂಥ ಕಡೆ ಅರ್ಥವಿದೆ. ನಮ್ಮಲ್ಲಿ ಸಾಲಪತ್ರಕ್ಕೆ ಅಪ್ಪನದೂ ಸಹಿ. ತಕ್ಕಡಿಯಲ್ಲಿ ಮಗನ ಸಂಬಳವೊಂದನ್ನೇ ಇಟ್ಟು ತೂಗುವವರು ಈ ಸಹಿಯನ್ನು ನೋಡುವುದೇ ಇಲ್ಲ.

ಕೆಮಿಸ್ಟ್ರಿಯ ಅಭಿಮಾನಿಗಳ ಬಳಿ ಒಂದು ಸಿದ್ಧ ಉತ್ತರವಿದೆ: ಅಂಜಿ ರೆಡ್ಡಿ. ವಿಜಯವಾಡದಿಂದ ಕೃಷ್ಣೆ ದಾಟಿದರೆ ಸಿಗುವ ತಾಡೇಪಲ್ಲಿಯ ಅರಿಶಿನ ಬೆಳೆಗಾರರ ಮಗ, ಗುಂಟೂರಿನಲ್ಲಿ ಬಿಎಸ್ಸಿ, ಮುಂದೆ ಮುಂಬಯಿ, ಪುಣೆ, 1984ರಲ್ಲಿ ಡಾ. ರೆಡ್ಡೀಸ್ ಔಷಧ ಕಂಪನಿ. ನನಗೆ ಈ ಉತ್ತರವೂ ಒಪ್ಪಿಗೆಯಿಲ್ಲ. ಅವರು ಕಾರ್ಖಾನೆಯ ಕೆಲಸ ಕಲಿತದ್ದು ಹೈದರಾಬಾದಿನ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್‌ನಲ್ಲಿ, ಅಂದರೆ ಸರ್ಕಾರದ ದುಡ್ಡಿನಲ್ಲಿ. 1970ರ ಪೇಟೆಂಟ್ ಕಾಯ್ದೆ ಔಷಧಕ್ಕಲ್ಲ, ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಹಕ್ಕು ಕೊಟ್ಟಿತ್ತು. ಅದೇ ಅಣುವನ್ನು ಬೇರೆ ದಾರಿಯಲ್ಲಿ ಕಟ್ಟಬಲ್ಲ ಕೆಮಿಸ್ಟನ ಬೆಲೆ ಏರಿದ್ದು ಅದರಿಂದ. 2005ರಲ್ಲಿ ಕಾಯ್ದೆ ಬದಲಾಯಿತು. ಆ ಕಾಲವನ್ನು ಬಿಟ್ಟು ಆ ಮನುಷ್ಯನನ್ನು ಮಾತ್ರ ತೋರಿಸಿ ಹದಿನೆಂಟರ ಹುಡುಗನಿಗೆ ಸಾಲ ಮಾಡಿಸುವುದು ಪ್ರಾಮಾಣಿಕತೆಯಲ್ಲ.

ಹಾಗಾದರೆ ಕೆಮಿಸ್ಟ್ರಿ ಓದಬಹುದೇ? ಓದಬಹುದು. ಬೆಜವಾಡದ ಸಾಲವಿಲ್ಲದೆ ನೇರವಾಗಿ ಬಂದವನಿಗೆ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು ಸಿಕ್ಕವನಿಗೆ ಇದು ನಷ್ಟದ ಬಾಬ್ತಲ್ಲ. ವೈಜಾಗ್ ಬಳಿಯ ಪರವಾಡದ ಫಾರ್ಮಾ ಸಿಟಿ, ಅಚ್ಯುತಾಪುರಂನ ಎಸ್‌ಇಜೆಡ್ ಇರುವುದು ಅವನನ್ನು ನಂಬಿಕೊಂಡೇ. ನಮ್ಮ ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳು ಕೂಡ.

ಆದರೆ ಸಂಬಳದ ಕಾಲಂನಲ್ಲಿ ಯಾರೂ ಬರೆಯದ ಒಂದು ಸಾಲಿದೆ. 2024ರ ಆಗಸ್ಟ್ 21ರ ಮಧ್ಯಾಹ್ನ ಅಚ್ಯುತಾಪುರಂನ ಔಷಧ ಘಟಕವೊಂದರಲ್ಲಿ ದ್ರಾವಕದ ಆವಿ ಹೊತ್ತಿ ಸ್ಫೋಟಿಸಿತು. 17 ಮಂದಿ ಸತ್ತರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗದ ಎಂಜಿನಿಯರುಗಳಿದ್ದರು, ಲ್ಯಾಬಿನವರಿದ್ದರು. ಸತ್ತವರ ಕುಟುಂಬಗಳಿಗೆ ಸರ್ಕಾರ ಘೋಷಿಸಿದ ಪರಿಹಾರ ತಲಾ 1 ಕೋಟಿ ರೂಪಾಯಿ.