ವಿದ್ಯಾಗಮ: ಬಾಗಿಲಿಗೆ ಬಂದ ಶಾಲೆ

ಕೊರೊನಾ ಕಾಲದಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಕೈಗೊಂಡ ಕೆಲಸಗಳಲ್ಲಿ ಬಡ ಪೋಷಕರ ಕಷ್ಟ ಅರಿತು ರೂಪಿಸಿದ್ದು ‘ವಿದ್ಯಾಗಮ’ ಒಂದೇ ಎಂದು ನಾನು ಬಲವಾಗಿ ನಂಬಿದ್ದೇನೆ. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆ, ಇಂಟರ್ನೆಟ್ ಇರುವ ಫೋನ್ ಉಳ್ಳವರು, ಬರೀ ಸಾದಾ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿತು. ಮೇಷ್ಟ್ರು, ಟೀಚರುಗಳು ದೇವಸ್ಥಾನದ ಅಂಗಳಕ್ಕೆ, ಸಮುದಾಯ ಭವನಕ್ಕೆ, ಅರಳಿಕಟ್ಟೆಗೆ ಬಂದು ಪಾಠ ಮಾಡಿದರು. ವಠಾರ ಶಾಲೆ ಎಂದು ಜನ ಕರೆದದ್ದು ಇದನ್ನೇ.

ವಿಂಗಡಣೆಯಲ್ಲಿ ಒಂದು ಕೊರತೆಯಿತ್ತು. ಮನೆಯಲ್ಲಿ ಫೋನ್ ಇದೆಯೇ ಎಂದು ಕೇಳಿದರೆ ಸಾಲದು, ಹಗಲು ಹೊತ್ತು ಅದು ಯಾರ ಹತ್ತಿರ ಇರುತ್ತದೆ ಎಂದೂ ಕೇಳಬೇಕು. ಗಾರೆ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ ಫೋನ್ ಇದ್ದರೆ, ಬೆಳಿಗ್ಗೆ ವಾಟ್ಸ್ಆ್ಯಪ್‌ಗೆ ಬಂದ ಹೋಂವರ್ಕ್ ಮಗಳ ಕಣ್ಣಿಗೆ ಬೀಳುವುದು ರಾತ್ರಿ ಊಟದ ಹೊತ್ತಿಗೆ. ಅಷ್ಟರಲ್ಲಿ ನೆಟ್ ಪ್ಯಾಕ್ ಖಾಲಿ, ಅಣ್ಣನ ಪಾಠವೂ ಬಾಕಿ. ಬರೆದದ್ದರ ಫೋಟೊ ತೆಗೆದು ಕಳಿಸುವ ಹೊಣೆ ಅಮ್ಮನದು. ಅಕ್ಷರ ಬಾರದ ಅಮ್ಮಂದಿರು ಪಕ್ಕದ ಮನೆಯ ಪಿಯುಸಿ ಹುಡುಗನ ಮುಂದೆ ಫೋನ್ ಹಿಡಿದು ನಿಲ್ಲಬೇಕಾಗಿತ್ತು. ದೂರದರ್ಶನದ ಚಂದನ ವಾಹಿನಿಯಲ್ಲಿ ಬರುತ್ತಿದ್ದ ಪಾಠ ಚೆನ್ನಾಗಿತ್ತು, ಆದರೆ ಟಿವಿಗೆ ಮಗು ಪ್ರಶ್ನೆ ಕೇಳಲಾರದು.

ಕಟ್ಟೆಯ ಮೇಲಿನ ಪಾಠ ಈ ಭಾರವನ್ನು ಇಳಿಸಿತು. ಮಗ ಓದುವಾಗ ಯಾವ ಒತ್ತಕ್ಷರದಲ್ಲಿ ತಡವರಿಸುತ್ತಾನೆ, ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಎಲ್ಲಿ ಮರೆಯುತ್ತಾನೆ ಎಂಬುದನ್ನು ತಾಯಿ ನಿಂತು ನೋಡಬಹುದಿತ್ತು. ಶಾಲೆಯ ಕಾಂಪೌಂಡಿನೊಳಗೆ ಅವಳಿಗೆ ಈ ಅವಕಾಶ ಎಂದೂ ಇರಲಿಲ್ಲ. ವಿದ್ಯಾಗಮದ ದೊಡ್ಡ ಸಾಧನೆಯೇ ಇದು.

ಸೋಂಕು ತಗುಲಿ ಶಿಕ್ಷಕರು ತೀರಿಕೊಂಡ ಸುದ್ದಿಗಳು ಬಂದವು, ಅಕ್ಟೋಬರ್‌ನಲ್ಲಿ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ಆ ಸಾವುಗಳು ಸಣ್ಣ ಮಾತಲ್ಲ. ಸಾಕಷ್ಟು ರಕ್ಷಣೆಯಿಲ್ಲದೆ ಅವರನ್ನು ಬೀದಿಗೆ ಕಳಿಸಿದ್ದು ತಪ್ಪು. ಆದರೆ ರೋಗದ ತೀವ್ರತೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆಯಿದ್ದಾಗ ಇಡೀ ರಾಜ್ಯಕ್ಕೆ ಒಂದೇ ಆದೇಶ ಏಕೆ? ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪ್ರತಿ ಸರ್ಕಾರಿ ಶಾಲೆಯಲ್ಲೂ ಇವೆ. ತಮ್ಮೂರಿನ ತೀರ್ಮಾನವನ್ನು ಅವರಿಗೇ ಬಿಡಬಹುದಿತ್ತು. 2021ರ ಜನವರಿಯಲ್ಲಿ ವಿದ್ಯಾಗಮ ಶಾಲೆಯ ಆವರಣದೊಳಗೆ ಮರಳಿತು, ಅದೂ 6ರಿಂದ 9ನೇ ತರಗತಿಯವರಿಗೆ. ಎದುರಿಗೆ ಕೂತು ಕಲಿಸುವವರು ಎಲ್ಲರಿಗಿಂತ ಹೆಚ್ಚು ಬೇಕಿದ್ದ ಸಣ್ಣ ಮಕ್ಕಳನ್ನೇ ಹೊರಗಿಟ್ಟರು. 1ರಿಂದ 5ನೇ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2020ರಲ್ಲಿ ಒಂದನೇ ಕ್ಲಾಸಿಗೆ ದಾಖಲಾದ ಮಗು ಅಂದು ಬಂದು ಕೂತದ್ದು ಎರಡನೇ ಕ್ಲಾಸಿನಲ್ಲಿ.